ಹೊಗೆಯನ್ನೂ ಸುಡಬೇಕು

ಊರಿನ ಹೆಸರು ಹೇಳುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡೆ ನಾನು ನೌಕರಿ ಮಾಡಿದವನು. ಈ ಮೂರರಲ್ಲಿ ಒಂದು ಎಂದು ತಿಳಿದುಕೊಳ್ಳಿ. ಉಳಿದ ಎರಡು ಊರಿನವರು ಬಂದು ನಮ್ಮ ಕಸ ಸುಡುವ ಭಟ್ಟಿಯನ್ನು ನೋಡಿದರು, ತಲೆದೂಗಿದರು, ನಮ್ಮಿಂದ ಕಲಿತು ಹೋದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಚ್ಚಿಕೊಳ್ಳುವುದಿದ್ದರೆ ಬಾಗಿಲಲ್ಲೇ ಕೊಚ್ಚಿಕೊಂಡು ಒಳಗೆ ಹೋಗಬೇಕು, ಊಟಕ್ಕೆ ಕೂತ ಮೇಲೆ ಶುರು ಮಾಡಬಾರದು ಎಂದು ನಮ್ಮಪ್ಪ ಹೇಳುತ್ತಿದ್ದ.

ನಾನು ಸ್ಯಾನಿಟರಿ ಇನ್ಸ್‌ಪೆಕ್ಟರ್ ಆಗಿದ್ದೆ. ಕಾಗದದ ಮೇಲೆ ಅಷ್ಟುದ್ದದ ಹೆಸರು. ಊರಿನವರ ಬಾಯಲ್ಲಿ ಬರೀ 'ಕಸದ ಸಾಹೇಬ್ರು'. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಮೊದಲು ಹಾಗೆ ಕರೆದವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ. ಒಂದು ದಿನ ಪಾನಿನ ಅಂಗಡಿಯವನು, "ಕಸಾನ ನಿಮ್ಮ ಮಾತು ಕೇಳ್ತದಲ್ರಿ, ಅದಕ್ಕ ಹಂಗ ಅಂತಾರ" ಎಂದ. ಅದು ಹೊಗಳಿಕೆಯೋ ಕುಚೇಷ್ಟೆಯೋ ಇವತ್ತಿಗೂ ಗೊತ್ತಾಗಿಲ್ಲ. ಅಂದಿನಿಂದ ಜಗಳ ಬಿಟ್ಟೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಲ್ಲಿಯ ತನಕ ನಮ್ಮ ಕಡೆಯ ಕಸ ಎಂದರೆ ಒಲೆಯ ಬೂದಿ, ಜೋಳದ ಕಣಿಕೆಯ ಚೂರು, ಒಣ ಎಲೆ, ಹರಿದ ಕೌದಿಯ ಚಿಂದಿ, ಒಡೆದ ಗಡಿಗೆಯ ತುಂಡು. ದನ ತಿನ್ನದೆ ಬಿಟ್ಟಿದ್ದನ್ನು ಮಣ್ಣು ತಿನ್ನುತ್ತಿತ್ತು. ಆಮೇಲೆ ಕಿರಾಣಿ ಅಂಗಡಿಗಳಲ್ಲಿ ಕಾಗದದ ಪೊಟ್ಟಣ ಹೋಗಿ ಕ್ಯಾರಿಬ್ಯಾಗ್ ಬಂತು. ಹವಾಯಿ ಚಪ್ಪಲಿ, ರೆಕ್ಸಿನ್ ಚೀಲ, ಕರೆಂಟಿನ ವೈರಿನ ಸಿಪ್ಪೆ, ಸೈಕಲ್ ಟ್ಯೂಬು, ಎಲ್ಲವೂ ಕಸದ ಗಾಡಿ ಹತ್ತತೊಡಗಿದವು. ಓಣಿಯ ಮೂಲೆಗಳಲ್ಲಿ ರಾಶಿ ಹಾಕಿ ಕಡ್ಡಿ ಗೀರುವುದು ರೂಢಿಯಾಯಿತು. ಆ ಹೊಗೆ ಮೂಗಿಗೆ ಬಡಿದರೆ ಎದೆ ಹಿಡಿದುಕೊಳ್ಳುತ್ತಿತ್ತು, ನಾಲಗೆಯ ಮೇಲೆ ಒಂದು ಕೆಟ್ಟ ಸಿಹಿ ಉಳಿಯುತ್ತಿತ್ತು.

ಓಣಿ ಓಣಿಯಲ್ಲಿ ಸುಡುವುದು ಬೇಡ, ಒಂದೇ ಕಡೆ ಸುಡೋಣ ಎಂದು ಊರ ಹೊರಗೆ ಒಂದು ಭಟ್ಟಿ ಕಟ್ಟಿಸಿದರು. ಇಟ್ಟಿಗೆಯ ಗೋಡೆ, ಒಳಗೆ ಕಬ್ಬಿಣದ ಸರಳುಗಳ ಜಾಲರಿ, ಮುಂದೆ ತಗಡಿನ ಬಾಗಿಲು, ಮೇಲೆ ಹೊಗೆ ಹೋಗಲು ಗಿಡ್ಡನೆಯ ಕೊಳವೆ. ಅದರ ಗೋಡೆಗೆ ಹತ್ತಿಕೊಂಡೇ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆ. ಊರಿಗೆ ಬೇಡವಾದ ಎರಡಕ್ಕೆ ಊರಾಚೆ ಜಾಗ ಕೊಟ್ಟಿದ್ದರು: ಒಂದು ಕಸ, ಇನ್ನೊಂದು ಹುಡುಗಿಯರ ಓದು. ಈ ಮಾತನ್ನು ನಾನು ಆಗ ಆಡಲಿಲ್ಲ. ಆಗ ನನಗೆ ಭಟ್ಟಿ ಸಿಕ್ಕಿದ್ದೇ ದೊಡ್ಡ ಖುಷಿ.

ಭಟ್ಟಿಯ ಕೆಲಸಕ್ಕೆ ನಾಲ್ಕು ಜನ ಇದ್ದರು. ಅವರಲ್ಲಿ ಹಿರಿಯಳು ಒಬ್ಬ ಹೆಂಗಸು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಎಲ್ಲರೂ ಅವಳನ್ನು ಭಟ್ಟಿಯಕ್ಕ ಎನ್ನುತ್ತಿದ್ದರು. ಹೇಳಿದ ಕೆಲಸ ಮಾಡುವವಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು. ಬೆಳಿಗ್ಗೆ ಓಣಿಗಳನ್ನು ಗುಡಿಸಿ, ಹನ್ನೊಂದರ ಹೊತ್ತಿಗೆ ಗಾಡಿಗಳನ್ನು ಭಟ್ಟಿಗೆ ತಂದು, ಸಂಜೆ ಐದರ ತನಕ ಸುಡುತ್ತಿದ್ದರು.

ನನ್ನ ತಪ್ಪು ಇಲ್ಲಿ ಶುರುವಾಗುತ್ತದೆ. ಮರುದಿನ ಆರಿದ ಭಟ್ಟಿಯನ್ನು ಹೊತ್ತಿಸಲು ಅವರು ಸೀಮೆಎಣ್ಣೆ ಸುರಿಯುತ್ತಿದ್ದರು, ಅದು ಸಾಲದೆ ಟೈರಿನ ತುಂಡು ಇಟ್ಟು ಕಡ್ಡಿ ಗೀರುತ್ತಿದ್ದರು. ಅದನ್ನು ನೋಡಿ ನನಗೆ ನಮ್ಮವ್ವ ನೆನಪಾದಳು. ನಾನು ಮಟಕಿ ಎಂಬ ಹಳ್ಳಿಯ ಕಡೆ ಬೆಳೆದವನು. ನಮ್ಮವ್ವ ದಿನಾ ಅಡಿಗೆ ಮುಗಿದ ಮೇಲೆ ಒಲೆಯ ಕೆಂಡಕ್ಕೆ ಒಂದು ಕುಳ್ಳು, ಎಂದರೆ ಬೆರಣಿ, ಇಟ್ಟು, ಮೇಲೆ ಬೂದಿ ಮುಚ್ಚುತ್ತಿದ್ದಳು. ಬೆಳಿಗ್ಗೆ ಕೆದರಿದರೆ ಕೆಂಪಗೆ ಜೀವಂತ ಕೆಂಡ. ನೆರೆಯ ಹೆಂಗಸರು ಕುಳ್ಳು ಹಿಡಿದುಕೊಂಡು ಬೆಂಕಿ ಒಯ್ಯಲು ನಮ್ಮ ಮನೆಗೇ ಬರುತ್ತಿದ್ದರು. "ನಮ್ಮ ಒಲಿ ಆರಿದ್ದ ಇಲ್ಲ" ಎನ್ನುವುದು ಅವಳ ಅಭಿಮಾನ. ಆರಿದ ಒಲೆ ನಮ್ಮ ಕಡೆ ಲಕ್ಷಣವಲ್ಲ.

ನಾನು ಅದೇ ಹುಕುಂ ಕೊಟ್ಟೆ. "ಐದು ಗಂಟೆಗೆ ಭಟ್ಟಿ ಆರಿಸಬ್ಯಾಡ್ರಿ. ಉಳಿದ ಹಸಿ ಕಸಾ ಮ್ಯಾಲೆ ಹಾಕ್ರಿ, ಬೂದಿ ಮುಚ್ರಿ, ಬಾಗಿಲಾ ಹಾಕ್ರಿ. ಮುಂಜಾನಿ ಕೆದರಿದ್ರ ಬೆಂಕಿ ತಯಾರ್ ಇರ್ತದ." ಸೀಮೆಎಣ್ಣೆ ಉಳಿಯಿತು, ಟೈರೂ ಬೇಕಾಗಲಿಲ್ಲ. ಒಂದು ಮೀಟಿಂಗಿನಲ್ಲಿ ನಿಂತು ಇದನ್ನು ಹೇಳಿದೆ, ಎಲ್ಲರೂ ಭೇಷ್ ಎಂದರು. ಮನೆಗೆ ಬಂದು ಹೆಂಡತಿಯ ಮುಂದೆ ಮತ್ತೊಮ್ಮೆ ಹೇಳಿದೆ. ಆಕೆ ಮಾತ್ರ, "ಒಲಿಯೊಳಗ ಕುಳ್ಳ ಇರ್ತದ್ರಿ, ಚಪ್ಪಲಿ ಇರಂಗಿಲ್ಲ" ಎಂದಳು. ಹೆಂಡತಿಯ ಮಾತಿಗೆ ಯಾವ ಗಂಡ ಕಿವಿಗೊಟ್ಟಿದ್ದಾನೆ? ನಾನೂ ಕೊಡಲಿಲ್ಲ.

ದೀಪಾವಳಿ ಮುಗಿದು ಚಳಿ ಬಿದ್ದಾಗ ಶಾಲೆಯ ಹೆಡ್‌ಮಾಸ್ಟರಿಣಿ ನನ್ನ ಆಫೀಸಿಗೆ ಬಂದರು. ಊರಿಗೆಲ್ಲ ಅವರು ಆಪಾ, ಎಂದರೆ ಅಕ್ಕ. ಮನೆಯ ಮಾತು ಉರ್ದು, ಶಾಲೆಯ ಮಾತು ಕನ್ನಡ, ಬೈಗುಳಕ್ಕೆ ಎರಡೂ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಆ ಶಾಲೆಯನ್ನೇ ಸಂಸಾರ ಮಾಡಿಕೊಂಡಿದ್ದರು. ಮನೆಮನೆಗೆ ಹೋಗಿ, ತಾಯಂದಿರ ಜೊತೆ ಅಡಿಗೆ ಮನೆಯಲ್ಲಿ ಕೂತು, ಒಬ್ಬೊಬ್ಬಳೇ ಹುಡುಗಿಯನ್ನು ತಂದು ತುಂಬಿದ ಶಾಲೆ ಅದು. ನಾನು ಕುರ್ಚಿ ತೋರಿಸಿದೆ. ಅವರು ಕೂರಲಿಲ್ಲ.

"ಸಾಹೇಬ್ರ, ಈಗೀಗ ನಾ ಹುಡುಗ್ಯಾರ ಹಾಜರಿ ಹೆಸರು ಕರೆದು ಹಾಕೂದ ಬಿಟ್ಟೇನಿ" ಎಂದರು. "ಕೆಮ್ಮು ಕೇಳಿ ಹಾಕಾಕತ್ತೇನಿ. ಯಾರ ಕೆಮ್ಮು ಯಾರದು ಅಂತ ಎಲ್ಲಾ ಗೊತ್ತಾಗಿಬಿಟ್ಟದ."

ನಾನು ಏನೋ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು. "ಭಟ್ಟಿ ಕಡೆ ಕಿಡಕಿಗೆ ಹಲಗಿ ಬಡಿಸೇನಿ, ಹಗಲಿನ್ಯಾಗ ಲೈಟ್ ಹಚ್ಚೇನಿ. ಆರು ಹುಡುಗ್ಯಾರು ಆಗಲೇ ಬಿಟ್ಟಾರ. ಉಳಿದವರ ಅಪ್ಪ-ಅವ್ವ ಎಳ್ಳಮಾಸಿ ತನಕ ಟೈಮ್ ಕೊಟ್ಟಾರ. ಅಲ್ಲೀತನಕ ಹೊಗಿ ನಿಲ್ಲಲಿಲ್ಲಂದ್ರ ಯಾರೂ ಕಳಸಂಗಿಲ್ಲ. ಹುಡುಗ್ಯಾರು ಇಲ್ಲದ ಸಾಲಿ ಯಾರು ಇಟ್ಕೋತಾರ್ರಿ? ಬಂದ್ ಮಾಡ್ತಾರ. ಮನಿಗೆ ಹೋದ ಹುಡುಗಿ ಒಮ್ಮೆ ಹೊಲಕ್ಕ ಕಳೆ ತೆಗಿಯಾಕ ಹೋದಳಂದ್ರ, ಹೊಳ್ಳಿ ಸಾಲಿಗೆ ಬರಂಗಿಲ್ಲ. ಅದು ನಿಮಗೂ ಗೊತ್ತದ, ನನಗೂ ಗೊತ್ತದ."

ಅದು ನಿಜ. ಗಂಡು ಹುಡುಗ ಶಾಲೆ ಬಿಟ್ಟರೆ ಬಡಿದು ಕಳಿಸುತ್ತಿದ್ದರು. ಹೆಣ್ಣು ಹುಡುಗಿ ಬಿಟ್ಟರೆ, ಒಳ್ಳೇದಾಯ್ತು, ತಮ್ಮನನ್ನು ಎತ್ತಿಕೊಳ್ಳಲು ಒಬ್ಬರಾದರು ಎನ್ನುತ್ತಿದ್ದರು. ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಒಂದೂವರೆ ತಿಂಗಳೂ ಇರಲಿಲ್ಲ.

ನಾನು ಹೊಗೆಕೊಳವೆ ಗಿಡ್ಡವಾಗಿದೆ ಎಂದು ತೀರ್ಮಾನಿಸಿದೆ. ತಗಡಿನ ಕೊಳವೆ ತರಿಸಿ, ಇದ್ದದ್ದರ ಮೇಲೆ ಎರಡಾಳೆತ್ತರ ಏರಿಸಿ, ನಾಲ್ಕೂ ಕಡೆ ತಂತಿ ಬಿಗಿಸಿದೆ. ನಾಲ್ಕು ದಿನ ಹೊಗೆ ಶಾಲೆಯ ಮೇಲಿನಿಂದ ಹಾದು ಆಚೆಯ ಓಣಿಯಲ್ಲಿ ಇಳಿಯಿತು. ಅಲ್ಲಿಯ ಹೆಂಗಸರು ರೊಟ್ಟಿಯ ಮೇಲೆ ಬಿದ್ದ ಮಸಿ ತೋರಿಸಲು ನನ್ನ ಮನೆಗೇ ಬಂದರು. ಐದನೆಯ ದಿನ ಚಳಿ ಹೆಚ್ಚಾಯಿತು. ಹೊಗೆ ಕೊಳವೆಯ ತುದಿ ಮುಟ್ಟಿ, ಅಲ್ಲಿಂದ ಜಾರಿ ಮತ್ತೆ ಶಾಲೆಯ ಅಂಗಳಕ್ಕೇ ಇಳಿದು ಕೂತಿತು. ದಾರಿಯಲ್ಲಿ ಸಿಕ್ಕ ಆಪಾ ಕೊಳವೆಯ ಕಡೆ ಕತ್ತೆತ್ತಿ ನೋಡಿದರು.

"ಹೊಗಿಗೆ ಏಣಿ ಮಾಡಿ ಕೊಟ್ಟೀರಿ" ಎಂದರು.

ನನಗೆ ರೇಗಿತು. "ನಿಮ್ಮ ಹುಡುಗ್ಯಾರಿಗೆ ಸಣ್ಣ ಕೆಮ್ಮು ಬಂದ್ರೂ ನನ್ನ ಭಟ್ಟೀನ ಕಾರಣ ಏನ್ರಿ? ಚಳಿಗಾಲದಾಗ ಯಾರಿಗೆ ಕೆಮ್ಮು ಬರಂಗಿಲ್ಲ?"

"ಹಂಗಿದ್ರ ಒಂದು ದಿನಾ ನಮ್ಮ ಸಾಲಿಯೊಳಗ ಬಂದು ಕುಂದರ್ರಿ. ಪ್ರಾರ್ಥನಾದಿಂದ ಹಿಡಿದು ಸಣ್ಣ ಸೂಟಿ ತನಕ. ಮೂರನೇ ಇಯತ್ತೆಯೊಳಗ ಜಾಗಾ ಅದ."

ಹೆದರಿದ ಎಂದಾರು ಎಂದು ಹೋದೆ. ಮೂರನೇ ತರಗತಿಯ ಹುಡುಗಿಯರ ಹಿಂದೆ, ನೆಲದ ಫರ್ಸಿ ಕಲ್ಲಿನ ಮೇಲೆ ಚಕ್ಕಳಬಕ್ಕಳ ಹಾಕಿ ಕೂತೆ. ಹುಡುಗಿಯರು ಹೊರಳಿ ಹೊರಳಿ ನೋಡಿ ನಗುತ್ತಿದ್ದರು. ಹತ್ತು ಗಂಟೆಗೆ ಅಂಗಳದಲ್ಲಿ ಪ್ರಾರ್ಥನೆ. ಎರಡು ಸಾಲು ಹಾಡುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಒಬ್ಬಳು ಕೆಮ್ಮಿದಳು, ಆಮೇಲೆ ಮೂವರು, ಆಮೇಲೆ ಹಾಡೇ ನಿಂತಿತು. ನನ್ನ ಕಣ್ಣು ಉರಿದು ನೀರು ಬಂತು. ಹಳದಿ ಬಣ್ಣದ, ನೆಲ ಹಿಡಿದು ಹರಿಯುವ ಹೊಗೆ ಗೋಡೆಯ ಮೇಲಿಂದ ಇಳಿಯುತ್ತಿತ್ತು. ಒಬ್ಬ ಸಣ್ಣ ಹುಡುಗಿ ನನ್ನ ಮುಂದೆಯೇ ಮಂಡಿಯ ಮೇಲೆ ಕೈಯೂರಿ ಬಾಗಿ ನಿಂತು ಉಸಿರಿಗಾಗಿ ಒದ್ದಾಡಿದಳು. ಪಕ್ಕದವಳು ದಿನವೂ ಮಾಡುವ ಕೆಲಸದ ಹಾಗೆ ಅವಳ ಬೆನ್ನು ಉಜ್ಜಿದಳು. ಆ ಬೆನ್ನು ಉಜ್ಜಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು.

ನಾಚಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟು. ಹತ್ತು ಗಂಟೆಗೆ ಭಟ್ಟಿ ಹೊತ್ತಿಸಿದ್ದು ಯಾರು? ಹನ್ನೊಂದಕ್ಕೆ ಮೊದಲು ಹೊತ್ತಿಸಬೇಡಿರೆಂದು ಹೇಳಿರಲಿಲ್ಲವೇ? ಯಾರಾದರೂ ಕೈಗೆ ಸಿಕ್ಕರೆ ಇವತ್ತು ಬಿಡುವುದಿಲ್ಲ ಎಂದುಕೊಂಡು ಗೋಡೆ ಸುತ್ತಿ ಓಡಿದೆ. ಭಟ್ಟಿಯ ಹತ್ತಿರ ನರಪಿಳ್ಳೆ ಇರಲಿಲ್ಲ. ಬಾಗಿಲು ಹಾಕಿಯೇ ಇತ್ತು. ಗಾಡಿಗಳು ಇನ್ನೂ ಊರೊಳಗಿದ್ದವು. ಬಾಗಿಲ ಸಂದಿಯಿಂದ, ಇಟ್ಟಿಗೆಯ ಬಿರುಕಿನಿಂದ, ನಾನು ಏರಿಸಿದ ಕೊಳವೆಯ ತುದಿಯಿಂದ ಆ ಹಳದಿ ಹೊಗೆ ನಿಧಾನವಾಗಿ ಸೋರುತ್ತಿತ್ತು. ತಗಡಿನ ಬಾಗಿಲು ಮುಟ್ಟಿದೆ. ಚಹಾದ ಕಪ್ಪಿನಷ್ಟು ಬಿಸಿ, ಅಷ್ಟೇ.

ಯಾರೂ ಹೊತ್ತಿಸಿರಲಿಲ್ಲ. ನಿನ್ನೆ ಸಂಜೆ ಮುಚ್ಚಿಟ್ಟ ನನ್ನ ಕೆಂಡ ಅದು. ಹಸಿ ಕಸದ ಕೆಳಗೆ, ಗಾಳಿಯಿಲ್ಲದೆ, ಉರಿಯಲಾರದೆ ಆರಲಾರದೆ, ಚಪ್ಪಲಿ ಕ್ಯಾರಿಬ್ಯಾಗುಗಳನ್ನು ಹದಿನೇಳು ತಾಸು ಬೇಯಿಸುತ್ತಿತ್ತು. ನನ್ನ ಜಾಣತನವೇ ಹೊಗೆಯಾಗಿ ಆ ಹುಡುಗಿಯ ಎದೆಗೆ ಹೋಗುತ್ತಿತ್ತು. ನಾನು ಅಲ್ಲಿಯೇ ಒಂದು ಕಲ್ಲಿನ ಮೇಲೆ ಕೂತೆ.

ಗಾಡಿ ತಂದ ಭಟ್ಟಿಯಕ್ಕ ನನ್ನನ್ನು ಅಲ್ಲಿ ಕಂಡು ಗಾಬರಿಯಾದಳು. "ಏನಾತ್ರಿ ಸಾಹೇಬ್ರ?"

"ಅಕ್ಕಾ, ಕೆಂಡ ಮುಚ್ಚಿದ್ದರಿಂದ ಹೊಗಿ ಬರ್ತದೇನ?" ಎಂದು ಕೇಳಿದೆ. ಅವಳನ್ನು ಅಕ್ಕಾ ಎಂದದ್ದು ಅದೇ ಮೊದಲು.

"ಬರ್ತದಲ್ರಿ" ಎಂದಳು, ಮಳೆ ಬಂದರೆ ನೆಲ ನೆನೆಯುತ್ತದಲ್ಲ ಎನ್ನುವಷ್ಟು ಸಹಜವಾಗಿ.

"ನಿನಗ ಹೆಂಗ ಗೊತ್ತು?"

"ನಾ ಸಣ್ಣಾಕಿದ್ದಾಗ ಚುರುಮುರಿ ಭಟ್ಟಿಯೊಳಗ ದುಡದೇನ್ರಿ. ಅಲ್ಲಿ ಕೆಂಡ ಮುಚ್ಚಂಗಿಲ್ಲ. ಮುಚ್ಚಿದ್ರ ಮರುದಿನದ ಚುರುಮುರಿ ಎಲ್ಲಾ ಹೊಗಿ ವಾಸನಿ ಹೊಡೀತದ, ಯಾರೂ ತಗೋಳಂಗಿಲ್ಲ. ಸಂಜಿಗೆ ಪೂರಾ ಆರಿಸ್ಬೇಕು, ಬೂದಿ ತೆಗೀಬೇಕು. ಮುಂಜಾನಿ ಭಟ್ಟಿ ಪೂರಾ ಕಾಯೋತನಕ ಏನೂ ಹಾಕಬಾರದು."

"ಮತ್ತ ಇಷ್ಟು ದಿನಾ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲಲ್ರಿ. ಮುಚ್ರಿ ಅಂದ್ರಿ, ಮುಚ್ಚಿದ್ವಿ."

ಅವತ್ತಿನಿಂದ ಭಟ್ಟಿ ಅವಳ ಕೈಗೆ ಹೋಯಿತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹುಕುಂ ಕೊಡುವುದನ್ನು ಬಿಟ್ಟು ಕೇಳುವುದನ್ನು ಕಲಿತೆ. ಮೊದಲ ಕೆಲಸ, ಗಾಡಿ ಬಂದ ಕೂಡಲೇ ಕಸ ಬೇರೆ ಮಾಡುವುದು. ಕ್ಯಾರಿಬ್ಯಾಗು, ಟ್ಯೂಬು, ವೈರು, ಚಪ್ಪಲಿ ಒಂದು ಕಡೆ. ಅದರಲ್ಲಿ ಭಂಗಾರ, ಎಂದರೆ ಗುಜರಿ, ಸಾಮಾನಿನವನು ಒಯ್ಯುವಷ್ಟನ್ನು ಒಯ್ದ. ಉಳಿದದ್ದನ್ನು ಆಳವಾದ ಗುಂಡಿ ತೋಡಿಸಿ ಹುಗಿಸಿದೆವು. ಬೆಂಕಿಗೆ ಮಾತ್ರ ಒಂದು ಚೂರೂ ಹಾಕಲಿಲ್ಲ. ಕಾಯಿಪಲ್ಲೆಯ ಹಸಿ ಕಸವನ್ನು ರೈತರು ತಿಪ್ಪೆಗೆ ಕೇಳಿ ಒಯ್ದರು. ಉಳಿದದ್ದು ಒಣ ಎಲೆ, ಚಿಂದಿ, ಕಾಗದ, ಗುಡಿಸಿದ ಕಸ. ಅದನ್ನು ಬಿಸಿಲಿಗೆ ಹರವಿ ಒಣಗಿಸಿದ ಮೇಲೆಯೇ ಭಟ್ಟಿಗೆ.

ಬೆಳಿಗ್ಗೆ ತೊಗರಿ ಕಟ್ಟಿಗೆಯಿಂದ ಬರೀ ಭಟ್ಟಿಯನ್ನು ಕಾಯಿಸುತ್ತಿದ್ದಳು. ಕಾದಿದೆಯೋ ಇಲ್ಲವೋ ನೋಡಲು ಅವಳಿಗೆ ಯಾವ ಯಂತ್ರವೂ ಬೇಕಿರಲಿಲ್ಲ. ದಾಲ್ ಮಿಲ್ಲಿನಿಂದ ತಂದ ತೊಗರಿ ಹೊಟ್ಟನ್ನು ಒಂದು ಹಿಡಿ ಒಳಗೆ ತೂರುತ್ತಿದ್ದಳು. ಹೊಟ್ಟು ಜಾಲರಿಗೆ ಬೀಳುವ ಮೊದಲೇ ಗಾಳಿಯಲ್ಲಿಯೇ ಹೊತ್ತಿಕೊಂಡರೆ ಭಟ್ಟಿ ತಯಾರ್. ಬಿದ್ದ ಮೇಲೆ ಹೊಗೆಯಾಡಿದರೆ, "ಇನ್ನೂ ಇಲ್ರಿ" ಎಂದು ಮತ್ತೆ ಕಟ್ಟಿಗೆ ಇಡುತ್ತಿದ್ದಳು. ಕಸವನ್ನು ಒಂದೇ ಸಲ ತುರುಕದೆ, ಹಸುಗೂಸಿಗೆ ಉಣಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಿದ್ದಳು.

ಹೊಗೆ ಅರ್ಧಕ್ಕಿಂತ ಕಡಿಮೆಯಾಯಿತು. ಆದರೂ ಇತ್ತು. ಒಂದು ದಿನ ನಾನು ಹೋಗಿ ನೋಡಿದರೆ ಅವಳು ಗೌಂಡಿಯನ್ನು ಕರೆಸಿ, ಭಟ್ಟಿಯ ಹಿಂದಿನ ಗೋಡೆಯಲ್ಲಿ, ಬೆಂಕಿಗಿಂತ ಮೇಲೆ, ನಾಲ್ಕು ಇಟ್ಟಿಗೆ ಕಿತ್ತಿಸುತ್ತಿದ್ದಳು. ನನ್ನ ಹಳೆಯ ಸಿಟ್ಟು ಹೆಡೆ ಎತ್ತಿತು. "ಏ! ಸರಕಾರಿ ಭಟ್ಟಿಗೆ ತೂತು ಹಾಕಾಕತ್ತೀರೇನು? ನಾಳೆ ಯಾರು ಜವಾಬು ಕೊಡ್ತಾರ?"

"ಕಸಾ ಅಷ್ಟ ಸುಟ್ರ ಆಗಂಗಿಲ್ರಿ" ಎಂದಳು. "ಹೊಗೀನೂ ಸುಡಬೇಕು. ಅದಕ್ಕೂ ಗಾಳಿ ಬೇಕಲ್ರಿ."

ಹೊಗೆಯನ್ನು ಸುಡುವುದೆಂದರೇನು ಎಂದು ನನಗೆ ತಿಳಿಯಲಿಲ್ಲ. ಮಧ್ಯಾಹ್ನ ಭಟ್ಟಿ ಕಾದ ಮೇಲೆ ಒಂದು ತೂತಿನಿಂದ ಬಗ್ಗಿ ನೋಡಿ ಎಂದಳು, ನೋಡಿದೆ. ಕೆಳಗಿನ ಕಸದಿಂದ ಎದ್ದ ಕಪ್ಪು ಹೊಗೆ, ತೂತಿನಿಂದ ಒಳನುಗ್ಗಿದ ಗಾಳಿಗೆ ಸಿಕ್ಕ ಕೂಡಲೇ ಭಗ್ ಎಂದು ಹೊತ್ತಿ, ನೀಲಿ ಕೆಂಪು ಜ್ವಾಲೆಯಾಗಿ ತಿರುಗುತ್ತಿತ್ತು. ಹೊಗೆ ಹೊರಗೆ ಬರುವ ಮೊದಲೇ ಒಳಗೇ ಉರಿದು ಮುಗಿಯುತ್ತಿತ್ತು. ಹೊರಗೆ ಬಂದು ಕೊಳವೆಯ ತುದಿ ನೋಡಿದರೆ ಬಿಸಿಲಲ್ಲಿ ನಡುಗುವ ಝಳ ಬಿಟ್ಟು ಏನೂ ಇಲ್ಲ. ನಾನು ಚಿಕ್ಕ ಹುಡುಗನ ಹಾಗೆ ಚಪ್ಪಾಳೆ ಹೊಡೆದೆ. ಗೌಂಡಿ ನಕ್ಕ. ನಗಲಿ ಬಿಡಿ. ನಮ್ಮ ಭಟ್ಟಿ ಅದು!

ಕಣ್ಣಿಗೆ ಕಾಣದ್ದೆಲ್ಲ ಇಲ್ಲವೆಂದಲ್ಲ. ಹೊಗೆ ಕಾಣದಿದ್ದರೂ ಗಾಳಿಯಲ್ಲಿ ವಿಷ ಇರಬಹುದು, ಬೂದಿಯಲ್ಲಿ ಉಳಿಯಬಹುದು ಎಂದು ಆಮೇಲೆ ಓದಿ ತಿಳಿದೆ. ಸುಡದೇ ಇರುವುದೇ ಎಲ್ಲಕ್ಕಿಂತ ಒಳ್ಳೆಯದು ಎಂದೂ ತಿಳಿದೆ. ನಮ್ಮ ಭಟ್ಟಿ ದೇವಲೋಕದ್ದೇನಲ್ಲ. ಆದರೆ ಚಪ್ಪಲಿಯನ್ನೂ ವೈರನ್ನೂ ಬೆಂಕಿಯಿಂದ ದೂರ ಇಟ್ಟದ್ದು, ಆ ಕಾಲದಲ್ಲಿ, ಆ ಊರಲ್ಲಿ, ನಾಲ್ಕು ಜನ ಬರಿಗೈಯಲ್ಲಿ ಮಾಡಿದ ದೊಡ್ಡ ಕೆಲಸ. ಆ ಬಗ್ಗೆ ನನಗೆ ಒಂದಿಷ್ಟೂ ಸಂಕೋಚವಿಲ್ಲ.

ಸಂಜೆ ಐದಕ್ಕೆ ಭಟ್ಟಿ ಆರಿಸುವುದು ಮಾತ್ರ ನನಗೆ ಕಷ್ಟವಾಗುತ್ತಿತ್ತು. ಆರಿಸಿ, ಬೂದಿ ಎಳೆದು, ಖಾಲಿ ಜಾಲರಿ ಕಂಡಾಗ ಒಳಗೊಳಗೇ ಏನೋ ತಪ್ಪು ಮಾಡಿದಂತಾಗುತ್ತಿತ್ತು. ನಮ್ಮವ್ವ ಬದುಕಿದ್ದರೆ ಏನು ಅಂದುಕೊಳ್ಳುತ್ತಿದ್ದಳೋ.

ಎಳ್ಳಮಾಸಿ ಬಂತು. ಊರೆಲ್ಲ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ಕಡುಬು ಉಂಡು ಬಂತು. ಅದಾದ ಎರಡನೆಯ ದಿನ ಗುಲಬರ್ಗಾದಿಂದ ಶಿಕ್ಷಣ ಇಲಾಖೆಯ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು, ಭಟ್ಟಿ ನೋಡಿ ಶಾಲೆಯ ವಿಷಯ ತೀರ್ಮಾನಿಸಲು. ಹುಡುಗಿಯರ ತಂದೆ ತಾಯಂದಿರು ಶಾಲೆಯ ಅಂಗಳದಲ್ಲಿ ಸೇರಿದ್ದರು. ಸಾಹೇಬರು ಜೀಪು ಇಳಿದವರೇ ಹೊಗೆಕೊಳವೆ ನೋಡಿದರು. ಹೊಗೆ ಇರಲಿಲ್ಲ. ನನ್ನ ಕಡೆ ತಿರುಗಿದರು.

"ನಾವು ಬರುತ್ತೇವೆಂದು ಭಟ್ಟಿ ಬಂದ್ ಮಾಡಿದ್ದೀರಿ, ಅಲ್ಲವೇ? ಇಂಥ ಆಟ ನಾನು ಬಹಳ ನೋಡಿದ್ದೇನೆ."

ನಾನು ಬಾಯಿ ತೆಗೆಯುವ ಮೊದಲೇ ಭಟ್ಟಿಯಕ್ಕ, "ಬಂದ್ ಅದ ಏನ್ರಿ? ಸ್ವಲ್ಪ ಇತ್ತ ಬರ್ರಿ ಸಾಹೇಬ್ರ" ಎಂದು ಅವರನ್ನು ಹತ್ತಿರ ಕರೆದು, ಕೊಂಡಿಯಿಂದ ಬಾಗಿಲು ಎಳೆದಳು. ಒಳಗೆ ಬೆಂಕಿ ಗುಂಯ್ ಎಂದು ಮೊರೆಯುತ್ತಿತ್ತು. ಝಳ ಮುಖಕ್ಕೆ ಬಡಿದು ಸಾಹೇಬರು ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದರು, ಟೋಪಿ ಬಿತ್ತು. ನೋಡಲು ಹಿಂದೆಯೇ ಬಂದಿದ್ದ ತಂದೆ ತಾಯಂದಿರೆಲ್ಲ ನಕ್ಕರು. ಸಾಹೇಬರೂ ಕೊನೆಗೆ ನಕ್ಕರು. ಆ ಕ್ಷಣ ನನ್ನ ಎದೆ ಎರಡು ಇಂಚು ಉಬ್ಬಿತ್ತು ಎಂದರೆ ಸುಳ್ಳಲ್ಲ.

ಎಲ್ಲರೂ ಶಾಲೆಯ ಅಂಗಳಕ್ಕೆ ಮರಳಿ ಕೂತಾಗ ಕೆಲಸ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ತಂದೆ ಎದ್ದು ನಿಂತ.

"ಇವತ್ತ ಹೊಗಿ ಇಲ್ಲ, ಖರೇ. ನಾಳೆ? ನಾಡದ? ಮೊದಲ ಯಾಕ ಬರ್ತಿತ್ತು, ಅದನ್ನ ಹೇಳ್ರಿ. ಕಾರಣ ಗೊತ್ತಾಗದ ನಾವು ಹುಡುಗ್ಯಾರನ್ನ ಕಳಸಂಗಿಲ್ಲ."

ಎಲ್ಲರೂ ಹೌದು ಹೌದು ಎಂದರು. ಆಪಾ ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲಿದ್ದ ಯಾರೋ ಒಬ್ಬ ಹಿರಿಯರು ನನ್ನನ್ನು ಉಳಿಸಲು ಎದ್ದು, "ಕೆಲಸದವರು ಸರಿಯಾಗಿ ನೋಡ್ಕೋತಿದ್ದಿಲ್ಲ, ಈಗ ಹೇಳೇವಿ" ಎಂದುಬಿಟ್ಟರು. ಭಟ್ಟಿಯಕ್ಕ ತಲೆ ತಗ್ಗಿಸಿ ನಿಂತಳು. ಅಲ್ಲ ಎನ್ನಲಿಲ್ಲ. ಹಾಗೆ ಕೇಳಿಸಿಕೊಂಡು ಅವಳಿಗೆ ರೂಢಿಯಾಗಿತ್ತು.

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಸಾಹೇಬರ ಮುಂದೆ, ಊರಿನವರ ಮುಂದೆ, ಮೀಟಿಂಗಿನಲ್ಲಿ ಭೇಷ್ ಅನ್ನಿಸಿಕೊಂಡ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸಣ್ಣ ಸಂಗತಿಯಲ್ಲ. ಆದರೆ ಆ ತಂದೆಯ ಮುಖ ನೋಡಿದೆ. ಅವನು ಆ ಹಿರಿಯರ ಮಾತನ್ನು ನಂಬಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಆ ಸುಳ್ಳು ಕಾರಣ ಕೇಳಿಕೊಂಡು ಅವನು ಮಗಳನ್ನು ಮನೆಗೆ ಕರೆದುಕೊಂಡು ಹೋಗಿಬಿಡುತ್ತಿದ್ದ.

"ಕೆಲಸದವರ ತಪ್ಪಲ್ಲ, ನನ್ನ ತಪ್ಪು" ಎಂದೆ. "ಕೆಂಡ ಮುಚ್ಚಿ ಇಡ್ರಿ ಅಂತ ನಾನ ಹೇಳಿದ್ದೆ. ಮನಿ ಒಲಿಗೂ ಕಸದ ಭಟ್ಟಿಗೂ ಫರಕ ಅದ, ನನಗ ತಿಳೀಲಿಲ್ಲ. ಸಂಜಿಯಿಂದ ಮುಂಜಾನಿ ತನಕ ಅದು ಒಳಗ ಹೊಗಿಯಾಡತಿತ್ತು. ನಿಮ್ಮ ಹುಡುಗ್ಯಾರು ಕುಡಿದದ್ದು ಅದ ಹೊಗಿ. ಅದನ್ನ ಬಿಡಿಸಿದಾಕಿ ಈಕಿ. ಈಕಿ ಇರೋತನಕ ಆ ಭಟ್ಟಿಯೊಳಗ ಕೆಂಡ ಮುಚ್ಚಂಗಿಲ್ಲ. ನಾ ಹೇಳಿದ್ರೂ ಈಕಿ ಕೇಳಂಗಿಲ್ಲ."

ಆ ತಂದೆ ಭಟ್ಟಿಯಕ್ಕನನ್ನು ಕೇಳಿದ, "ಹೌದೇನಬೇ?"

"ಹೌದ್ರಿ" ಎಂದಳು. ಆಮೇಲೆ, ಕೇಳದಿದ್ದರೂ, ಒಂದು ಮಾತು ಸೇರಿಸಿದಳು: "ಅವ್ರು ಹೇಳಿದ್ರೂ ನಾ ಕೇಳಂಗಿಲ್ಲ."

ಅವನು ಕೂತ. ಒಂದಿಬ್ಬರು ನಕ್ಕರು. ಸಾಹೇಬರು ತಮ್ಮ ಕಾಗದದಲ್ಲಿ ಏನೋ ಬರೆದುಕೊಂಡು, ಮರುದಿನದಿಂದ ಹುಡುಗಿಯರು ಬಂದರೆ ಶಾಲೆ ಇಲ್ಲೇ ಇರುತ್ತದೆ, ಬಾರದಿದ್ದರೆ ಇಲ್ಲ ಎಂದು ಹೇಳಿ ಜೀಪು ಹತ್ತಿದರು.

ಮರುದಿನ ಹತ್ತು ಗಂಟೆಗೆ ನಾನು ಶಾಲೆಯ ಮುಂದಿದ್ದೆ. ಹುಡುಗಿಯರು ಬಂದರು. ಬಿಟ್ಟು ಹೋಗಿದ್ದ ಆರು ಜನರಲ್ಲಿ ನಾಲ್ವರೂ ಬಂದರು. ನನಗೆ ಕಣ್ಣು ತುಂಬಿ ಬಂತು. ಅವತ್ತು ಅದಕ್ಕೆ ಹೊಗೆ ಕಾರಣವಲ್ಲ. ಆಪಾ ನಗಲಿಲ್ಲ. ಹಾಜರಿ ಪುಸ್ತಕ ಮುಚ್ಚಿ ನನ್ನ ಹತ್ತಿರ ಬಂದರು.

"ಇನ್ನಾ ಇಬ್ಬರು ಬಂದಿಲ್ಲ. ನೀವ ಹೋಗಿ ಕರ್ಕೊಂಡು ಬರ್ರಿ."

"ನಾನಾ?"

"ಹೊಗಿ ನೀವ ಕಳಿಸಿದ್ರಿ. ಹುಡುಗ್ಯಾರನ್ನೂ ನೀವ ತರ್ರಿ."

ಹೋದೆ. ಮೊದಲ ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಕೇಳಿ, ಹುಡುಗಿಯ ಜಡೆ ಹೆಣೆದು ಕೊಟ್ಟಳು. ಎರಡನೆಯದು ದರ್ಜಿಯ ಮನೆ. ನಾನು ಹೇಳಿ ಮುಗಿಸಿದ ಮೇಲೆ ಅವನು ಮಿಷಿನ್ ನಿಲ್ಲಿಸಿ, "ಹೊಳ್ಳಿ ಒಮ್ಮೆ ಹೇಳ್ರಿ ಸಾಹೇಬ್ರ, ನಮ್ಮಾಕಿನೂ ಕೇಳಲಿ" ಎಂದು ಹೆಂಡತಿಯನ್ನು ಕರೆದ. ಅವನಿಗೆ ಕಾರಣ ಬೇಕಿರಲಿಲ್ಲ, ಕಾರಣ ಮೊದಲೇ ಊರೆಲ್ಲ ಹಬ್ಬಿತ್ತು. ಸರಕಾರಿ ಮನುಷ್ಯ ತಪ್ಪಾಯಿತು ಎನ್ನುವುದನ್ನು ಕಿವಿಯಾರೆ ಕೇಳುವ ಚಟ. ಹೊಳ್ಳಿ ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ಪಕ್ಕದ ಅಂಗಡಿಯವರೂ ಕೇಳಿಸಿಕೊಂಡರು.

ಬಜಾರಿನ ನಡುವೆ ಇಬ್ಬರು ಹುಡುಗಿಯರನ್ನು ಎಡಕ್ಕೊಬ್ಬಳು ಬಲಕ್ಕೊಬ್ಬಳು ಮಾಡಿಕೊಂಡು ನಡೆದೆ. ದರ್ಜಿಯ ಮಗಳು ನಡುದಾರಿಯಲ್ಲಿ ಕೇಳಿದಳು.

"ನಿಮಗ ಯಾರು ಬೈದ್ರಿ?"

"ಯಾರೂ ಬೈಲಿಲ್ಲವಾ."

"ಮತ್ಯಾಕ ತಪ್ಪಾತು ಅಂದ್ರಿ? ನಾವು ಬೈದ್ರಷ್ಟ ಅಂತೇವಿ."

ಅಷ್ಟರಲ್ಲಿ ಶಾಲೆ ಬಂತು. ಪ್ರಾರ್ಥನೆ ಮುಗಿದು ಪಾಠ ಶುರುವಾಗಿತ್ತು. ಆಪಾ ಬಾಗಿಲಲ್ಲಿ ನಿಂತು ಮೊದಲು ಹುಡುಗಿಯರನ್ನು, ಆಮೇಲೆ ನನ್ನನ್ನು ನೋಡಿದರು.

"ಮೂರೂ ಮಂದಿ ತಡಾ ಮಾಡಿ ಬಂದೀರಿ" ಎಂದರು. "ಒಳಗ ಬರ್ರಿ."

ನಾನು ಚಪ್ಪಲಿ ಬಿಟ್ಟು ಹುಡುಗಿಯರ ಹಿಂದೆ ಒಳಗೆ ಹೋದೆ. ಆಮೇಲೆ ಎಷ್ಟೋ ಸಲ ಶಾಲು ಹೊದಿಸಿಕೊಂಡಿದ್ದೇನೆ, ಹಾರ ಹಾಕಿಸಿಕೊಂಡಿದ್ದೇನೆ. ಆದರೆ ಆ ಬೈಗುಳದಷ್ಟು ದೊಡ್ಡ ಮರ್ಯಾದೆ ನನ್ನ ಇಡೀ ನೌಕರಿಯಲ್ಲಿ ಇನ್ನೊಂದು ಸಿಕ್ಕಿಲ್ಲ.